ಪರದೆಗೆ ತಟ್ಟಿದ ಚಪ್ಪಾಳೆ

ಪರದೆಯ ಮುಂದೆ ಕುಳಿತು ಚಪ್ಪಾಳೆ ತಟ್ಟಿದರೆ ಅದು ಯಾರಿಗೆ ಸಲ್ಲುತ್ತದೆ? ಪ್ರಶ್ನೆ ಮಕ್ಕಳಾಟಿಕೆಯದೆಂದು ತೋರಬಹುದು. ಆದರೂ ನಮ್ಮ ಧರ್ಮಕೇಂದ್ರದ ಯುವಜನರು ಒಂದು ಭಾನುವಾರ ಸಂಜೆ ಇದನ್ನೇ ಹಿಡಿದು ಬಹಳ ಹೊತ್ತು ವಾದಿಸಿದರು. ಅವರು ಅಂದು ನೋಡಿದ್ದು ಸಿನಿಮಾ ಅಲ್ಲ. ಲಂಡನ್ ನಗರದ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ 1995ರ ಅಕ್ಟೋಬರ್ 8ರಂದು ನಡೆದ 'ಲೆ ಮಿಸರಾಬ್ಲ್' ಸಂಗೀತ ನಾಟಕದ ಹತ್ತನೇ ವರ್ಷದ ಪ್ರಯೋಗವನ್ನು ಕ್ಯಾಮೆರಾ ಹಿಡಿದಿಟ್ಟ ರೆಕಾರ್ಡಿಂಗ್. ಮುಗಿದಾಗ ಅರ್ಧ ಸಭೆ ತನಗರಿವಿಲ್ಲದೆಯೇ ಚಪ್ಪಾಳೆ ತಟ್ಟಿತು. ಗಾನವೃಂದದ ಒಬ್ಬ ಹುಡುಗಿ ಕೇಳಿದಳು: "ಫಾದರ್, ಹಾಡಿದವರಿಗೆ ಇದು ಕೇಳಿಸುವುದೇ ಇಲ್ಲ. ಮತ್ತೆ ನಾವು ತಟ್ಟಿದ್ದು ಯಾರಿಗೆ?" ಪಕ್ಕದಲ್ಲಿದ್ದ ಹುಡುಗನೊಬ್ಬ, "ಹೀರೋ ಬಂದಾಗ ಟಾಕೀಸಿನಲ್ಲಿ ಶಿಳ್ಳೆ ಹೊಡೆಯುವುದಿಲ್ಲವೇ, ಹಾಗೆಯೇ ಇದೂ" ಎಂದ. ಹುಡುಗಿಗೆ ಸಮಾಧಾನವಾಗಲಿಲ್ಲ. ಪ್ರಿಯ ವಾಚಕರೇ, ನನಗೂ ಆಗಲಿಲ್ಲ.

ಈ ನಾಟಕದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ಬೃಹತ್ ಕಾದಂಬರಿಯನ್ನು ಅಲೆನ್ ಬುಬ್ಲಿಲ್ ಮತ್ತು ಸಂಗೀತಗಾರ ಕ್ಲೋಡ್ ಮಿಶೆಲ್ ಶೋನ್‌ಬರ್ಗ್ ಹಾಡಿನ ರೂಪಕ್ಕೆ ತಂದರು. ಅದು 1980ರಲ್ಲಿ ಪ್ಯಾರಿಸ್‌ನಲ್ಲಿಯೂ, 1985ರ ಅಕ್ಟೋಬರ್ 8ರಂದು ಇಂಗ್ಲಿಷಿನಲ್ಲಿ ಲಂಡನ್ನಿನ ಬಾರ್ಬಿಕನ್ ರಂಗಮಂದಿರದಲ್ಲಿಯೂ ರಂಗಕ್ಕೇರಿತು. ಆರಂಭದಿಂದ ಕೊನೆಯವರೆಗೆ ಹೆಚ್ಚುಕಡಿಮೆ ಎಲ್ಲವೂ ಹಾಡು. ರೊಟ್ಟಿ ಕದ್ದು ಹತ್ತೊಂಬತ್ತು ವರ್ಷ ಸೆರೆಯಲ್ಲಿದ್ದು ಹೊರಬಂದ ಜೀನ್ ವಾಲ್ಜೀನ್, ತನಗೆ ಅನ್ನವಿಟ್ಟು ಮಲಗಲು ಜಾಗ ಕೊಟ್ಟ ಧರ್ಮಾಧ್ಯಕ್ಷರ ಬೆಳ್ಳಿ ಸಾಮಾನನ್ನೇ ಕದ್ದು ಓಡುತ್ತಾನೆ. ಪೊಲೀಸರು ಹಿಡಿದು ತಂದಾಗ ಆ ವೃದ್ಧರು, ಅದು ತಾವೇ ಕೊಟ್ಟ ಕಾಣಿಕೆ ಎಂದು ಹೇಳಿ, ಮೇಣದಬತ್ತಿ ನಿಲ್ಲಿಸುವ ಎರಡು ಬೆಳ್ಳಿ ಕಂಬಗಳನ್ನೂ ಅವನ ಕೈಗಿಡುತ್ತಾರೆ. ಮುಂದಿನ ಕಥೆಯೆಲ್ಲ ಆ ಕ್ಷಣದಿಂದ ಹುಟ್ಟಿದ್ದು. (ಧರ್ಮಾಧ್ಯಕ್ಷರು ಪೊಲೀಸರಿಗೆ ಹೇಳಿದ್ದು ಸುಳ್ಳೋ ಅಲ್ಲವೋ ಎಂಬುದರ ಮೇಲೆ ಗುರುಮಠದಲ್ಲಿ ನಾವು ಒಂದು ಇಡೀ ತರಗತಿಯನ್ನು ಕಳೆದದ್ದುಂಟು. ಅದನ್ನು ಇನ್ನೊಮ್ಮೆ ನೋಡೋಣ.)

1995ರ ಆ ಸಂಜೆ ಪೂರ್ಣ ನಾಟಕವೂ ಅಲ್ಲ. ನಟರು ವೇಷ ಧರಿಸಿ, ವಾದ್ಯವೃಂದದ ಮುಂದೆ ಮೈಕುಗಳ ಬಳಿ ನಿಂತು ಹಾಡಿದರು. ವಾಲ್ಜೀನ್ ಪಾತ್ರದಲ್ಲಿ 1985ರಲ್ಲಿ ಮೊದಲು ಹಾಡಿದ್ದ ಐರ್ಲೆಂಡಿನ ಕಾಲಂ ವಿಲ್ಕಿನ್ಸನ್ ಅವರೇ ಇದ್ದರು. ಎಪೊನಿನ್ ಆಗಿ ಹಾಡಿದವರು ಫಿಲಿಪ್ಪೀನ್ಸಿನ ಲಿಯಾ ಸಲೊಂಗಾ. ಕೊನೆಯಲ್ಲಿ ಹದಿನೇಳು ದೇಶಗಳ ಹದಿನೇಳು ವಾಲ್ಜೀನರು ಒಬ್ಬೊಬ್ಬರಾಗಿ ಬಂದು ತಂತಮ್ಮ ಭಾಷೆಯಲ್ಲಿ ಹಾಡಿದರು. ಜಪಾನಿನವನೂ ಇದ್ದ, ಐಸ್‌ಲ್ಯಾಂಡಿನವನೂ ಇದ್ದ, ಹಂಗೆರಿಯವನೂ ಇದ್ದ. ವಿಡಿಯೋ ಕ್ಯಾಸೆಟ್ಟಾಗಿ, ಆಮೇಲೆ ಡಿವಿಡಿಯಾಗಿ ಇದು ಲೋಕವೆಲ್ಲ ಸುತ್ತಿತು. ಲಂಡನ್ ಕಂಡರಿಯದ ಎಷ್ಟೋ ಜನರಿಗೆ 'ಲೆ ಮಿಸರಾಬ್ಲ್' ಎಂದರೆ ಇದೇ.

ಈ ಬಗೆಯ ವಸ್ತುವನ್ನು ಏನೆಂದು ಕರೆಯಬೇಕು? ಸಿನಿಮಾ ಎಂದರೆ ತಪ್ಪಾಗುತ್ತದೆ. ಸಿನಿಮಾ ನಟ ಕ್ಯಾಮೆರಾಕ್ಕಾಗಿಯೇ ಅಭಿನಯಿಸುತ್ತಾನೆ. ಅವನ ಎದುರು ಪ್ರೇಕ್ಷಕನಿಲ್ಲ. ಜರ್ಮನಿಯ ಚಿಂತಕ ವಾಲ್ಟರ್ ಬೆಂಜಮಿನ್ 1936ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಈ ವ್ಯತ್ಯಾಸವನ್ನು ಎತ್ತಿ ತೋರಿಸುತ್ತಾನೆ: ರಂಗದ ನಟ ಸಭೆಯನ್ನು ನೋಡಿ ತನ್ನ ಅಭಿನಯವನ್ನು ಹೊಂದಿಸಿಕೊಳ್ಳಬಲ್ಲ, ಸಿನಿಮಾ ನಟನಿಗೆ ಆ ಅವಕಾಶವಿಲ್ಲ. ಆದರೆ ರಂಗಪ್ರಯೋಗದ ರೆಕಾರ್ಡಿಂಗ್ ಈ ಎರಡಕ್ಕೂ ಸೇರದ ಮೂರನೆಯ ಜಾತಿ. ಇಲ್ಲಿ ಹಾಡಿದವನು ನಿಜವಾಗಿಯೂ ಸಭೆಗಾಗಿ ಹಾಡಿದ್ದಾನೆ. ಸಭೆ ನಿಜವಾಗಿಯೂ ಉಸಿರು ಬಿಗಿಹಿಡಿದಿದೆ, ನಕ್ಕಿದೆ, ಎದ್ದು ನಿಂತಿದೆ. ಆ ಸಭೆಯಲ್ಲಿ ನಾವು ಮಾತ್ರ ಇರಲಿಲ್ಲ. ಇಬ್ಬರು ಆಪ್ತರ ಮಾತುಕತೆಯನ್ನು ಪಕ್ಕದ ಕೋಣೆಯಲ್ಲಿ ಕುಳಿತು ಕೇಳಿಸಿಕೊಂಡರೆ ಹೇಗೋ ಹಾಗೆ ನಾವು ಅದನ್ನು ಕೇಳಿಸಿಕೊಳ್ಳುತ್ತೇವೆ. ಮಾತು ಸತ್ಯ, ಆಪ್ತತೆ ಸತ್ಯ, ನಮ್ಮ ಕಿವಿಗೆ ಬಿದ್ದದ್ದೂ ಸತ್ಯ. ಆದರೆ ಮಾತು ನಮ್ಮೊಡನೆ ಆಡಿದ್ದಲ್ಲ.

ನಮ್ಮ ಕಂಪನಿ ನಾಟಕಗಳನ್ನು ನೋಡಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅವೂ ಸಂಗೀತ ನಾಟಕಗಳೇ ತಾನೇ? ಲೆಗ್ ಹಾರ್ಮೋನಿಯಂ, ತಬಲಾ, ಮತ್ತೆ ಮತ್ತೆ ಬರುವ ರಂಗಗೀತೆ. ಹಾಡು ಚೆನ್ನಾಗಿ ಬಂತೆಂದರೆ ಹಿಂದಿನ ಸಾಲಿನಿಂದ ಯಾರೋ "ಒನ್ಸ್ ಮೋರ್!" ಎಂದು ಕೂಗುತ್ತಿದ್ದರು. ಸತ್ತು ಬಿದ್ದಿದ್ದ ರಾಜನೂ ಎದ್ದು ಕುಳಿತು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದ ಎಂದು ತಮಾಷೆಯಾಗಿ ಹೇಳುವುದುಂಟು. ಕಥೆಯ ಓಟಕ್ಕೆ ಅದು ಅಡ್ಡಿಯೇ ಇರಬಹುದು. ಆದರೆ ಆ ಕೂಗಿನಲ್ಲಿ ಒಂದು ಅಧಿಕಾರವಿತ್ತು. ಎರಡಾಣೆ ಕೊಟ್ಟು ನೆಲದ ಮೇಲೆ ಕುಳಿತವನ ಮಾತೂ ನಾಟಕವನ್ನು ನಿಲ್ಲಿಸಬಲ್ಲದಾಗಿತ್ತು, ತಿರುಗಿಸಬಲ್ಲದಾಗಿತ್ತು. ರೆಕಾರ್ಡಿಂಗಿನಲ್ಲಿ ನಾವು ಒಂದು ಗುಂಡಿ ಒತ್ತಿ ಅದೇ ಹಾಡನ್ನು ನೂರು ಸಲ ಕೇಳಬಹುದು. ನೂರು ಸಲವೂ ಅದೇ ಉಸಿರು, ಅದೇ ಬೆವರಹನಿ. ಅದು ಒನ್ಸ್ ಮೋರ್ ಅಲ್ಲ. ಎರಡನೆಯ ಸಲ ಹಾಡುವವನ ಗಂಟಲು ಕೈಕೊಡುವ ಭಯವೂ ಇಲ್ಲ, ಮೊದಲಿಗಿಂತ ಚೆನ್ನಾಗಿ ಹಾಡಿಬಿಡುವ ಸಂಭವವೂ ಇಲ್ಲ.

ರೆಕಾರ್ಡಿಂಗ್ ಎಂದರೆ ನಡೆದದ್ದನ್ನು ನಡೆದ ಹಾಗೆಯೇ ತೋರಿಸುವ ಕನ್ನಡಿ ಎಂದು ಭಾವಿಸುವುದೂ ಬೇಡ. ಅಮೆರಿಕದ 'ಹ್ಯಾಮಿಲ್ಟನ್' ನಾಟಕವನ್ನೇ ನೋಡಿ. ಆ ದೇಶದ ಮೊದಲ ಖಜಾನೆ ಕಾರ್ಯದರ್ಶಿಯ ಜೀವನವನ್ನು ಲಿನ್ ಮ್ಯಾನುಯೆಲ್ ಮಿರಾಂಡಾ ಹಾಡುಗಳಲ್ಲಿ ಹೆಣೆದು, ತಾವೇ ಮುಖ್ಯ ಪಾತ್ರ ವಹಿಸಿದರು. 2015ರಲ್ಲಿ ನ್ಯೂಯಾರ್ಕಿನ ರಿಚರ್ಡ್ ರಾಜರ್ಸ್ ಥಿಯೇಟರಿಗೆ ಬಂದ ಅದನ್ನು 2016ರ ಜೂನ್‌ನಲ್ಲಿ, ಮೊದಲ ತಂಡದ ನಟರು ಚದುರಿಹೋಗುವ ಮುನ್ನ, ಚಿತ್ರೀಕರಿಸಿದರು. ಸಭೆ ತುಂಬಿದ್ದ ಎರಡು ಪ್ರಯೋಗಗಳನ್ನು ಚಿತ್ರೀಕರಿಸಿದ್ದಲ್ಲದೆ, ಕೆಲವು ಹಾಡುಗಳನ್ನು ಖಾಲಿ ರಂಗಮಂದಿರದಲ್ಲಿ ಕ್ಯಾಮೆರಾವನ್ನು ನಟರ ಹತ್ತಿರಕ್ಕೆ ಒಯ್ದು ತೆಗೆದರು. ಎಲ್ಲವನ್ನೂ ಹೊಲಿದು ಒಂದೇ ಸಂಜೆಯಂತೆ ಮಾಡಿದರು. 2020ರ ಜುಲೈ 3ರಂದು, ನ್ಯೂಯಾರ್ಕಿನ ರಂಗಮಂದಿರಗಳೆಲ್ಲ ಮಹಾಮಾರಿಯಿಂದ ಬೀಗ ಹಾಕಿಕೊಂಡಿದ್ದಾಗ, ಅದು ಮನೆಮನೆಯ ಪರದೆಗೆ ಬಂತು. ಮೂರನೇ ಜಾರ್ಜ್ ದೊರೆಯ ಪಾತ್ರದ ಜೊನಾಥನ್ ಗ್ರಾಫ್ ಹಾಡುವಾಗ ಬಾಯಿಂದ ಎಂಜಲು ಸಿಡಿದು ಗಲ್ಲದ ಮೇಲಿಳಿಯುವುದು ಆ ಚಿತ್ರದಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ ಜನ ಹಾಡಿಗಿಂತ ಅದನ್ನೇ ಮಾತಾಡಿಕೊಂಡರು. ಕೊನೆಯ ಸಾಲಿನಲ್ಲಿ ಕುಳಿತ ಯಾವ ಪ್ರೇಕ್ಷಕನಿಗೆ ಅದು ಕಂಡೀತು?

ಇದು ಮೋಸವೇ? ಇಲ್ಲದ ಒಂದು ಸಂಜೆಯನ್ನು ಇದ್ದಂತೆ ತೋರಿಸಿದ್ದಾರಲ್ಲ ಎಂದು ಕೇಳಬಹುದು. ಸಂತ ತೋಮಾಸ್ ಅಕ್ವಿನಾಸರು ಕಲಿಸಿದ ಪ್ರಕಾರ, ಮನಸ್ಸಿನಲ್ಲಿರುವುದಕ್ಕೆ ವಿರುದ್ಧವಾಗಿ ನುಡಿಯುವುದು ಸುಳ್ಳು. ಚಿತ್ರ ತಯಾರಿಸಿದವರು ಹೇಗೆ ತಯಾರಿಸಿದೆವು ಎಂಬುದನ್ನು ಬಚ್ಚಿಡಲಿಲ್ಲ, ಕೇಳಿದವರಿಗೆಲ್ಲ ಹೇಳಿದ್ದಾರೆ. ಮದುವೆಯ ಆಲ್ಬಂನಲ್ಲಿ ಫೋಟೋಗ್ರಾಫರ್ ಹೇಳಿದನೆಂದು ಉಂಗುರವನ್ನು ಎರಡನೆಯ ಸಲ ತೊಡಿಸುವುದಿಲ್ಲವೇ? ಅದನ್ನು ನೋಡಿ ಎರಡು ಸಲ ಮದುವೆಯಾಯಿತೆಂದು ಯಾರೂ ಭಾವಿಸುವುದಿಲ್ಲ. ಹಾಗಾಗಿ ನಾನಿದನ್ನು ಸುಳ್ಳು ಎನ್ನಲಾರೆ. ಇದನ್ನು ಸಾಕ್ಷ್ಯ ಎನ್ನುತ್ತೇನೆ. ಸಾಕ್ಷಿ ಹೇಳುವವನು ಕೂಡ ಕಂಡದ್ದನ್ನೆಲ್ಲ ಹೇಳುವುದಿಲ್ಲ. ಆರಿಸಿಕೊಳ್ಳುತ್ತಾನೆ, ಜೋಡಿಸುತ್ತಾನೆ, ಹತ್ತಿರ ಹೋಗಿ ತೋರಿಸುತ್ತಾನೆ. ಅವನನ್ನು ನಂಬಬೇಕೋ ಬೇಡವೋ ಎಂಬುದು ಅವನ ಪ್ರಾಮಾಣಿಕತೆಯ ಮೇಲೆ ನಿಂತಿದೆ.

ಕ್ಯಾಮೆರಾ ನಮ್ಮ ಕಣ್ಣಿನ ಸ್ವಾತಂತ್ರ್ಯವನ್ನು ಕಸಿಯುತ್ತದೆ ಎಂಬ ದೂರನ್ನೂ ಕೇಳಿದ್ದೇನೆ. ರಂಗಮಂದಿರದಲ್ಲಿ ನಾಯಕ ಹಾಡುತ್ತಿರುವಾಗ ಮೂಲೆಯಲ್ಲಿ ಸುಮ್ಮನೆ ನಿಂತ ಭಿಕ್ಷುಕಿಯ ಪಾತ್ರದವಳನ್ನು ನೋಡುತ್ತ ಕೂರಬಹುದು. ರೆಕಾರ್ಡಿಂಗಿನಲ್ಲಿ ನಿರ್ದೇಶಕ ತೋರಿಸಿದ್ದೇ ನೋಟ. ಮಾತು ನಿಜ. ಆದರೆ ಸ್ವಾತಂತ್ರ್ಯದ ಮಾತಾಡುವಾಗ ಹಣದ ಮಾತನ್ನೂ ಆಡಬೇಕು. 2016ರ ಜೂನ್‌ನಲ್ಲಿ 'ಹ್ಯಾಮಿಲ್ಟನ್' ನಾಟಕದ ಅತಿ ದುಬಾರಿ ಟಿಕೆಟ್ಟಿನ ಬೆಲೆಯನ್ನು 849 ಡಾಲರಿಗೆ ಏರಿಸಿದರು. ನಾಲ್ಕು ವರ್ಷದ ಮೇಲೆ ಅದೇ ನಟರ ಅದೇ ನಾಟಕ, ಅಮೆರಿಕದಲ್ಲಿ ತಿಂಗಳಿಗೆ 7 ಡಾಲರೂ ಆಗದ ಚಂದಾಹಣಕ್ಕೆ ಸಿಕ್ಕಿತು. ರಿಚರ್ಡ್ ರಾಜರ್ಸ್ ಥಿಯೇಟರಿನಲ್ಲಿರುವುದು ಸುಮಾರು 1,300 ಕುರ್ಚಿ. ಬಡವನ ಮಗಳಿಗೆ ಮೊದಲ ಸಾಲಿನ ಕುರ್ಚಿ ಕೊಟ್ಟದ್ದು ರಂಗಮಂದಿರವಲ್ಲ, ಕ್ಯಾಮೆರಾ. 'ನಿಜವಾದ ಅನುಭವ ಅಲ್ಲಿಗೆ ಹೋದರಷ್ಟೇ' ಎಂದು ಮೂಗು ಮುರಿಯುವವರು ಸಾಮಾನ್ಯವಾಗಿ ಅಲ್ಲಿಗೆ ಹೋಗಿಬಂದವರೇ ಆಗಿರುತ್ತಾರೆ.

ಕಳ್ಳ ರೆಕಾರ್ಡಿಂಗುಗಳ ವಿಷಯ ಬೇರೆ. ಸಭೆಯಲ್ಲಿ ಕುಳಿತು ಕದ್ದುಮುಚ್ಚಿ ಚಿತ್ರೀಕರಿಸಿ ಹಂಚುವವರಿದ್ದಾರೆ. 'ಯಾರಿಗೂ ನಷ್ಟವಿಲ್ಲ' ಎಂಬುದು ಅವರ ವಾದ. 2009ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ 'ಜಿಪ್ಸಿ' ಎಂಬ ನಾಟಕ ನಡೆಯುತ್ತಿದ್ದಾಗ ನಟಿ ಪ್ಯಾಟಿ ಲುಪೋನ್ ತಮ್ಮ ಮುಖ್ಯ ಹಾಡಿನ ನಡುವೆಯೇ ನಿಂತು, ಫೋಟೋ ತೆಗೆಯುತ್ತಿದ್ದವನನ್ನು ಹೊರಹಾಕಿಸಿದರು. ಅವರ ಸಿಟ್ಟು ಬರೀ ಹಣದ್ದಲ್ಲ. ಸಭೆಗೆಂದು ತನ್ನನ್ನು ಒಪ್ಪಿಸಿಕೊಂಡವಳಿಂದ, ಆಕೆ ಕೊಡದೇ ಇದ್ದದ್ದನ್ನು ಆತ ಎತ್ತಿಕೊಳ್ಳುತ್ತಿದ್ದ. ಏಳನೇ ಆಜ್ಞೆ ಸಾಲು ಸಾಲು ಹಾಡಿಗೂ ಅನ್ವಯಿಸುತ್ತದೆ. (ಮನೆಯಲ್ಲಿ ನೋಡಲೆಂದು ಕೊಂಡ ಡಿವಿಡಿಯನ್ನು ಧರ್ಮಕೇಂದ್ರದ ಸಭಾಂಗಣದಲ್ಲಿ ಟಿಕೆಟ್ ಇಟ್ಟು ತೋರಿಸಿ ಛಾವಣಿ ದುರಸ್ತಿಗೆ ಹಣ ಎತ್ತೋಣ ಎಂದು ಸಲಹೆ ಕೊಡುವ ಸಮಿತಿ ಸದಸ್ಯರೂ ಇದನ್ನು ದಯವಿಟ್ಟು ಓದಿಕೊಳ್ಳಬೇಕು.) ಇದಕ್ಕೆ ಪ್ರತಿಯಾಗಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 1970ರಿಂದ ಒಂದು ಸಂಗ್ರಹ ಕಟ್ಟಿದೆ. ಕಲಾವಿದರ ಸಂಘಗಳ ಒಪ್ಪಿಗೆ ಪಡೆದು ರಂಗಪ್ರಯೋಗಗಳನ್ನು ಚಿತ್ರೀಕರಿಸಿ ಇಡುತ್ತಾರೆ. ಅಧ್ಯಯನಕ್ಕೆ ಬಂದವರು ಅಲ್ಲೇ ಕುಳಿತು ನೋಡಬೇಕು, ಮನೆಗೆ ಒಯ್ಯುವಂತಿಲ್ಲ. ಕೊಟ್ಟದ್ದನ್ನು ಕೊಟ್ಟವರ ಷರತ್ತಿನಂತೆ ಪಡೆಯುವುದು ಎಂದರೆ ಹೀಗೆ.

ಈಗ ಹುಡುಗಿಯ ಪ್ರಶ್ನೆಯ ಗಟ್ಟಿಭಾಗಕ್ಕೆ ಬರೋಣ. ಹಾಡಿದವರು ನಮ್ಮೆದುರು ಇದ್ದರೇ, ಇರಲಿಲ್ಲವೇ? ನಾವು ಅವರೆದುರು ಇದ್ದೆವೇ?

ಫ್ರಾನ್ಸಿನ ತತ್ತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ ಇಲ್ಲಿ ನೆನಪಾಗುತ್ತಾರೆ. 1929ರಲ್ಲಿ ದೀಕ್ಷಾಸ್ನಾನ ಪಡೆದು ಕಥೋಲಿಕರಾದ ಇವರು ನಾಟಕಕಾರರೂ ಸಂಗೀತ ಬಲ್ಲವರೂ ಆಗಿದ್ದುದರಿಂದ ಈ ವಿಷಯದಲ್ಲಿ ಇವರ ಮಾತಿಗೆ ತೂಕ ಹೆಚ್ಚು. ಒಂದೇ ಕೋಣೆಯಲ್ಲಿ ಪಕ್ಕದಲ್ಲೇ ಕುಳಿತಿರುವವನು ನನಗೆ ಸನ್ನಿಹಿತನಾಗಿರದೇ ಇರಬಹುದು. ದೂರದಲ್ಲಿರುವವನು ಅವನಿಗಿಂತ ಹೆಚ್ಚು ಸನ್ನಿಹಿತನಾಗಿರಬಹುದು ಎನ್ನುತ್ತಾರೆ ಅವರು. ಸಾನ್ನಿಧ್ಯ ಎಂದರೆ ಅಳತೆಪಟ್ಟಿಯ ಲೆಕ್ಕವಲ್ಲ. ಒಬ್ಬನು ಇನ್ನೊಬ್ಬನಿಗೆ ತನ್ನನ್ನು ತೆರೆದುಕೊಳ್ಳುವುದು, ಅವನ ಕರೆಗೆ ದೊರಕುವಂತೆ ಇರುವುದು. ಈ ಲೆಕ್ಕದಲ್ಲಿ, ದುಬಾರಿ ಕುರ್ಚಿಯಲ್ಲಿ ಕುಳಿತು ಮೊಬೈಲ್ ನೋಡುತ್ತಿರುವ ಪ್ರೇಕ್ಷಕ ರಂಗಮಂದಿರದಲ್ಲಿ ಇಲ್ಲ. ಮನೆಯಲ್ಲಿ ದೀಪ ಆರಿಸಿ, ಕಣ್ಣು ಮಿಟುಕಿಸದೆ ಪರದೆ ನೋಡುವ ವೃದ್ಧೆ ಒಂದರ್ಥದಲ್ಲಿ ಇದ್ದಾಳೆ. ಆದರೆ ಒಂದರ್ಥದಲ್ಲಿ ಮಾತ್ರ. ಅವಳು ಎಷ್ಟೇ ತೆರೆದುಕೊಂಡರೂ ಹಾಡುವವನಿಗೆ ಅವಳು ದೊರಕುವುದಿಲ್ಲ. ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಅದೇ ಕ್ಷಣದಲ್ಲಿ ನೇರಪ್ರಸಾರವಾದರೂ ಇಷ್ಟು ಬದಲಾಗುವುದಿಲ್ಲ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದ ತನ್ನ ನಾಟಕಗಳನ್ನು ಸಿನಿಮಾ ಮಂದಿರಗಳಿಗೆ ಹಾಗೆ ಪ್ರಸಾರ ಮಾಡುತ್ತಿದೆ. ಕಾಲ ಒಂದಾದರೂ ಕೇಳುವ ಕಿವಿ ಆ ಕಡೆ ಇಲ್ಲ.

ಶ್ರೀಸಭೆಗೆ ಈ ಪ್ರಶ್ನೆ ಹೊಸದಲ್ಲ. ಅಸಿಸ್ಸಿಯ ಸಂತ ಕ್ಲಾರಾ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ ಒಂದು ಕ್ರಿಸ್ತಜಯಂತಿಯ ರಾತ್ರಿ, ತಾನು ಹೋಗಲಾಗದ ದೇವಾಲಯದಲ್ಲಿ ನಡೆಯುತ್ತಿದ್ದ ಆರಾಧನೆಯನ್ನು ತನ್ನ ಕೋಣೆಯಿಂದಲೇ ಕಂಡು ಕೇಳಿದರೆಂಬುದು ಪರಂಪರೆ. ಇದರಿಂದಾಗಿಯೇ ಜಗದ್ಗುರು ಹನ್ನೆರಡನೇ ಪಯಸ್ 1958ರಲ್ಲಿ ಅವರನ್ನು ದೂರದರ್ಶನದ ಪಾಲಕಿ ಎಂದು ಘೋಷಿಸಿದರು. 2020ರಲ್ಲಿ ನಾವೆಲ್ಲ ಕೆಲವು ತಿಂಗಳು ಸಂತ ಕ್ಲಾರಾ ಆದೆವು. ಆ ವರ್ಷದ ಮಾರ್ಚ್ 27ರ ಸಂಜೆ ಮಳೆಯಲ್ಲಿ, ಖಾಲಿ ಚೌಕದ ಮುಂದೆ ಅಂದಿನ ಜಗದ್ಗುರು ಫ್ರಾನ್ಸಿಸ್ ಒಬ್ಬರೇ ನಿಂತದ್ದನ್ನು ಪರದೆಯಲ್ಲಿ ಕಂಡವರು ಅದನ್ನು ಮರೆಯಲಾರರು. ಕ್ಲಾರಾ ಅವರ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಗೋಡೆಯ ಮೇಲಿನ ದರ್ಶನವಲ್ಲ; ಅವರು ಏಳಲಾರದೆ ಮಲಗಿದ್ದರು ಎಂಬುದು. ಹೋಗಲಾರದವರಿಗೆ ಕೊಟ್ಟ ಕನಿಕರ ಅದು. ಹೋಗಬಲ್ಲವನು ಸೋಫಾದಲ್ಲಿ ಕುಳಿತು ಕಾಫಿ ಹೀರುತ್ತ ದಿವ್ಯಬಲಿಪೂಜೆ 'ನೋಡಿದೆ' ಎನ್ನುವುದಕ್ಕೆ ಅದು ಆಧಾರವಾಗುವುದಿಲ್ಲ. ಬಲಿಪೂಜೆ ಪ್ರದರ್ಶನವಲ್ಲ ಎಂಬುದು ಇನ್ನೂ ದೊಡ್ಡ ವ್ಯತ್ಯಾಸ. ಪರಮಪ್ರಸಾದವನ್ನು ಪರದೆಯಿಂದ ಸ್ವೀಕರಿಸಲಾಗದು. ನಾಟಕಕ್ಕೆ ಇಂಥ ಕಟ್ಟಳೆಯಿಲ್ಲ. ನಾಟಕ ನೋಡಲು ಲಂಡನ್ನಿಗೆ ಹೋಗಲೇಬೇಕೆಂದು ಯಾವ ಆಜ್ಞೆಯೂ ಹೇಳುವುದಿಲ್ಲ. ಆದ್ದರಿಂದ ರೆಕಾರ್ಡಿಂಗ್ ನೋಡುವವನಲ್ಲಿ ಅಪರಾಧದ ಭಾವ ಹುಟ್ಟಿಸುವುದು ನನ್ನ ಉದ್ದೇಶವಲ್ಲ.

ನನ್ನನ್ನು ಕಾಡುವುದು ಕಣ್ಣೀರು. ಫಾಂಟೀನ್ ಎಂಬ ಕಾರ್ಮಿಕಳು ಕೆಲಸ ಕಳೆದುಕೊಂಡು, ಮಗಳ ಹೊಟ್ಟೆಗಾಗಿ ಕೂದಲು ಮಾರಿ, ಕಡೆಗೆ ದೇಹವನ್ನೇ ಮಾರುವ ಸ್ಥಿತಿಗೆ ಇಳಿದು, ಹಾಡುತ್ತಾಳೆ. ರೂಥಿ ಹೆನ್‌ಶಾಲ್ ಆ ಹಾಡನ್ನು ಹಾಡಿದಾಗ ನಮ್ಮ ಸಭಾಂಗಣದಲ್ಲಿ ಮೂಗು ಒರೆಸಿಕೊಳ್ಳದವರು ಕಡಿಮೆ. ಸಂತ ಅಗಸ್ಟೀನರು ತಮ್ಮ ಆತ್ಮಕಥೆಯ ಮೂರನೆಯ ಭಾಗದಲ್ಲಿ, ಕಾರ್ಥೇಜ್ ನಗರದಲ್ಲಿ ವಿದ್ಯಾರ್ಥಿಯಾಗಿದ್ದಾಗ ನಾಟಕಗಳ ಹುಚ್ಚು ತಮ್ಮನ್ನು ಹಿಡಿದದ್ದನ್ನು ಹೇಳಿಕೊಂಡು ಒಂದು ಪ್ರಶ್ನೆ ಎತ್ತುತ್ತಾರೆ. ತನಗೆ ಬರಲೆಂದು ಯಾರೂ ಬಯಸದ ದುಃಖವನ್ನು ರಂಗದ ಮೇಲೆ ನೋಡಿ ಅಳುವುದಕ್ಕೆ ಮನುಷ್ಯ ಏಕೆ ಹಾತೊರೆಯುತ್ತಾನೆ? ಅಲ್ಲಿ ಪ್ರೇಕ್ಷಕನನ್ನು ಸಹಾಯಕ್ಕೆ ಕರೆಯುವುದಿಲ್ಲ, ಬರೀ ಅಳುವುದಕ್ಕೆ ಕರೆಯುತ್ತಾರೆ. ಅತ್ತು ಅವನು ಸುಖಪಡುತ್ತಾನೆ. ಇದೆಂಥ ಕರುಣೆ ಎಂದು ಅವರು ಕೇಳುತ್ತಾರೆ.

ಅಗಸ್ಟೀನರ ಮಾತು ನಾಟಕದ ವಿಷಯದಲ್ಲಿ ತುಸು ಕಠಿಣವಾಯಿತೆಂದು ನನಗನಿಸುತ್ತದೆ. ರಂಗಮಂದಿರದಲ್ಲಿ ಅಳುವವನು ಕನಿಷ್ಠಪಕ್ಷ ಹಾಡುತ್ತಿರುವ ಹೆಣ್ಣುಮಗಳಿಗಾದರೂ ಏನನ್ನೋ ಕೊಡುತ್ತಾನೆ: ತನ್ನ ಮೌನವನ್ನು, ತನ್ನ ಗಮನವನ್ನು, ಕೊನೆಗೆ ತನ್ನ ಚಪ್ಪಾಳೆಯನ್ನು. ಅವಳಿಗೆ ಅದು ತಲುಪುತ್ತದೆ, ಮುಂದಿನ ಹಾಡಿನಲ್ಲಿ ತಿರುಗಿ ಬರುತ್ತದೆ. ಪರದೆಯ ಮುಂದೆ ಅಳುವವನ ವಿಷಯದಲ್ಲಿ ಅಗಸ್ಟೀನರ ಪ್ರಶ್ನೆ ಎರಡು ಪಟ್ಟು ಚುರುಕಾಗುತ್ತದೆ. ಅವನಿಂದ ಫಾಂಟೀನಳಿಗೂ ಏನೂ ಇಲ್ಲ, ಫಾಂಟೀನಳಾದವಳಿಗೂ ಏನೂ ಇಲ್ಲ. ಬೇಕೆನಿಸಿದಾಗ ನಿಲ್ಲಿಸಿ ಊಟ ಮಾಡಿ ಬಂದು, ಮತ್ತೆ ಅಳಬಹುದು. ಯಾರಿಗೂ ಏನನ್ನೂ ಕೊಡಬೇಕಾಗಿಲ್ಲದ ಕರುಣೆ ಅಭ್ಯಾಸವಾಗಿಬಿಟ್ಟರೆ, ಸಂಜೆ ಬಾಗಿಲು ಬಡಿಯುವ ನಿಜವಾದ ಫಾಂಟೀನ್ ಅಡಚಣೆಯಾಗಿ ಕಾಣಿಸುತ್ತಾಳೆ. ಇದು ಕಲ್ಪನೆಯ ಭಯವಲ್ಲ. ಮನೆಗೆಲಸದವಳು ಎರಡು ದಿನ ಬರಲಿಲ್ಲವೆಂದು ಕೂಲಿ ಮುರಿದು, ಅದೇ ಸಂಜೆ ಟಿ.ವಿ. ಮುಂದೆ ಬಡವಳ ಕಥೆಗೆ ಅಳುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ? ಮನೆ ಭೇಟಿಗೆ ಹೋಗುವ ಗುರುಗಳನ್ನು ಕೇಳಿ.

ಹಾಗಾದರೆ ನೋಡುವುದೇ ಬೇಡವೇ? ಇಲ್ಲಿ ನಾಟಕವೇ ಒಂದು ಉತ್ತರವನ್ನು ಮುಂದಿಡುತ್ತದೆ ಎಂದು ನನಗೆ ತೋರುತ್ತದೆ. ಧರ್ಮಾಧ್ಯಕ್ಷ ಮಿರಿಯೆಲ್ ರಂಗದ ಮೇಲೆ ಇರುವುದು ಕೆಲವೇ ನಿಮಿಷ. ಕೊಟ್ಟು ಮರೆಯಾಗುತ್ತಾರೆ. ವಾಲ್ಜೀನ್ ಮತ್ತೆಂದೂ ಅವರನ್ನು ಕಾಣುವುದಿಲ್ಲ. ಹ್ಯೂಗೋನ ಕಾದಂಬರಿಯಲ್ಲಿ, ಹೆಸರು ಬದಲಿಸಿಕೊಂಡು ಊರಿನ ಮೇಯರ್ ಆಗಿರುವ ವಾಲ್ಜೀನ್ 1821ರಲ್ಲಿ ಆ ವೃದ್ಧರ ಮರಣವಾರ್ತೆ ತಿಳಿದು ಕಪ್ಪುಡುಗೆ ಧರಿಸುತ್ತಾನೆ. ಊರಿನವರಿಗೆ ಕಾರಣ ಗೊತ್ತಿಲ್ಲ. ಪಡೆದದ್ದನ್ನು ಕೊಟ್ಟವರಿಗೆ ಹಿಂದಿರುಗಿಸುವ ದಾರಿ ಅವನಿಗೆ ಮುಚ್ಚಿಹೋಗಿದೆ. ಒಂದು 'ವಂದನೆ' ಕೂಡ ತಲುಪದು. ಆ ಸಾಲವನ್ನು ಅವನು ಫಾಂಟೀನಳಿಗೆ, ಅವಳ ಮಗಳಿಗೆ, ತನ್ನನ್ನು ಬೆನ್ನಟ್ಟಿದ ಇನ್ಸ್‌ಪೆಕ್ಟರನಿಗೆ ತೀರಿಸುತ್ತಾನೆ. ರೆಕಾರ್ಡಿಂಗ್ ನೋಡುವ ನಮ್ಮ ಸ್ಥಿತಿಯೂ ಹೀಗೆಯೇ ಅಲ್ಲವೇ? ಯಾರೋ, ಎಂದೋ, ಬೇರೆಯವರ ಮುಂದೆ ತಮ್ಮ ಗಂಟಲನ್ನೂ ಉಸಿರನ್ನೂ ಕೊಟ್ಟರು. ಅದು ನಮ್ಮ ಕೈಗೆ ಬಂತು. ಅವರಿಗೆ ತಿರುಗಿ ಏನನ್ನೂ ಕೊಡಲಾರೆವು. ಕೊಡಲಾರೆವು ಎಂಬುದನ್ನು ಬಿಡುಗಡೆಯೆಂದು ತಿಳಿಯಬಹುದು, ಸಾಲವೆಂದೂ ತಿಳಿಯಬಹುದು. ನಾನು ಎರಡನೆಯದರ ಪರ. ಹುಡುಗಿಗೂ ಅದನ್ನೇ ಹೇಳಿದೆ. ಅವಳು ಒಪ್ಪಿದಳೋ ಇಲ್ಲವೋ ತಿಳಿಯದು; "ಹಾಗಾದರೆ ಚಪ್ಪಾಳೆ ತಟ್ಟಿದ್ದು ತಪ್ಪಲ್ಲ, ಸಾಲದು, ಅಷ್ಟೆ" ಎಂದಳು.

ಪ್ರೇಷಿತ ತೋಮರು ಮುಟ್ಟಿ ನೋಡಬಯಸಿದ್ದನ್ನು ನಾವು ತಪ್ಪೆಂದು ಬೋಧಿಸುತ್ತ ಬಂದಿದ್ದೇವೆ. ಆದರೆ ಕಾಣದೆ ನಂಬಿದ ನಾವೆಲ್ಲ ಬದುಕುತ್ತಿರುವುದು ಕಂಡವರ ಸಾಕ್ಷ್ಯದ ಮೇಲೆಯೇ. ಸಾಕ್ಷ್ಯವನ್ನು ಪಡೆಯುವುದು ಕೀಳಲ್ಲ. ನಡೆದದ್ದರ ಎದುರು ತಾನೇ ಇದ್ದೆನೆಂದು ಭ್ರಮಿಸದೆ, ಬರೀ ಕಥೆಯೆಂದು ತಳ್ಳಿಯೂ ಬಿಡದೆ ಪಡೆಯುವುದು ಕಷ್ಟದ ಕೆಲಸ.

ಹ್ಯೂಗೋನ ಈ ಪುಸ್ತಕದ ಬಗ್ಗೆ ಒಂದು ಮಾತು ಉಳಿದಿದೆ. 1864ರಲ್ಲಿ ನಮ್ಮ ಶ್ರೀಸಭೆಯೇ ಅದನ್ನು ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತ್ತು. ಧರ್ಮಾಧ್ಯಕ್ಷರೊಬ್ಬರನ್ನು ಇಷ್ಟು ಪ್ರೀತಿಯಿಂದ ಚಿತ್ರಿಸಿದ ಕಾದಂಬರಿಗಳು ಹೆಚ್ಚಿಲ್ಲ. ದಿನ್ಯ್ ಎಂಬ ಊರಿನ ಧರ್ಮಾಧ್ಯಕ್ಷರಾಗಿದ್ದ ಬಿಯಾಂವೆನ್ಯು ದ ಮಿಯೋಲಿಸ್ ಅವರು ಹ್ಯೂಗೋನಿಗೆ ಮಾದರಿ. ಆ ಪಟ್ಟಿಯೇ 1966ರಲ್ಲಿ ರದ್ದಾಯಿತು. ಇಂದು ಧರ್ಮಕೇಂದ್ರದ ಸಭಾಂಗಣದಲ್ಲಿ ಕುಳಿತು ನಾವು ಅದನ್ನು ನೋಡುತ್ತೇವೆ. 2012ರಲ್ಲಿ ಟಾಮ್ ಹೂಪರ್ ಇದನ್ನೇ ಸಿನಿಮಾ ಮಾಡಿದಾಗ, ನಟರು ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಅಲ್ಲಾಡಿಸದೆ ಕ್ಯಾಮೆರಾದ ಮುಂದೆ ನಿಂತೇ ಹಾಡಿದರು. ವಾಲ್ಜೀನ್ ಆಗಿ ಹ್ಯೂ ಜಾಕ್‌ಮನ್ ಇದ್ದರು. ಅವರಿಗೆ ಬೆಳ್ಳಿಯ ಕಂಬಗಳನ್ನು ಕೊಡುವ ಧರ್ಮಾಧ್ಯಕ್ಷರಾಗಿ ಕೆಲವೇ ನಿಮಿಷ ಕಾಣಿಸಿಕೊಂಡವರು, 1985ರಲ್ಲಿಯೂ 1995ರಲ್ಲಿಯೂ ಅವನ್ನು ಪಡೆದುಕೊಂಡಿದ್ದ ಕಾಲಂ ವಿಲ್ಕಿನ್ಸನ್.